ನಾಯಿ ಚಾಕೊಲೇಟ್ ತಿಂದಿದೆಯೇ? ಉಪ್ಪುನೀರು ಕುಡಿಸಬೇಡಿ, ಮೊದಲು ಈ ಲೆಕ್ಕ ಹಾಕಿ

ರಾತ್ರಿ ಹತ್ತೂವರೆ. ಮಗಳ ಹುಟ್ಟುಹಬ್ಬ ಮುಗಿದು ನೆಂಟರೆಲ್ಲ ಹೊರಟಿದ್ದಾರೆ. ಟೀಪಾಯಿ ಮೇಲಿದ್ದ ಚಾಕೊಲೇಟ್ ಡಬ್ಬಿ ಸೋಫಾ ಹಿಂದೆ ಬಿದ್ದಿದೆ. ಸುತ್ತ ಬೆಳ್ಳಿ ಹಾಳೆಯ ಚೂರುಗಳು, ಪಕ್ಕದಲ್ಲಿ ಬಾಲ ಅಲ್ಲಾಡಿಸುತ್ತಾ ನಿಂತ ಪೊಮೇರಿಯನ್. ಗಾಬರಿಯಾದ ಮನೆಯವರು ಫ್ಯಾಮಿಲಿ ಗ್ರೂಪ್‌ಗೆ ಮೆಸೇಜ್ ಹಾಕುತ್ತಾರೆ. ಒಬ್ಬರು "ಉಪ್ಪುನೀರು ಕುಡಿಸಿ, ವಾಂತಿ ಆಗತ್ತೆ" ಅನ್ನುತ್ತಾರೆ. ಇನ್ನೊಬ್ಬರು "ಹುಣಸೆಹಣ್ಣಿನ ನೀರು ಒಳ್ಳೇದು" ಅನ್ನುತ್ತಾರೆ. ಮತ್ತೊಬ್ಬರು "ಒಂದು ತುಂಡು ತಿಂದರೂ ನಾಯಿ ಬದುಕಲ್ಲ" ಎನ್ನುವ ಹಳೆಯ ಫಾರ್ವರ್ಡ್ ಕಳಿಸುತ್ತಾರೆ. ಕೊನೆಗೊಬ್ಬರು "ನಮ್ಮ ನಾಯಿ ದಿನಾ ತಿನ್ನತ್ತೆ, ಏನೂ ಆಗಿಲ್ಲ, ಸುಮ್ಮನೆ ಮಲಗಿ" ಎಂದು ಸಮಾಧಾನ ಹೇಳುತ್ತಾರೆ.

ಇವುಗಳಲ್ಲಿ ಯಾವುದನ್ನು ನಂಬಬೇಕು? ಯಾವುದನ್ನೂ ಅಲ್ಲ. ಚಾಕೊಲೇಟ್ ನಾಯಿಗೆ ವಿಷ ಎನ್ನುವುದು ನಿಜ. ಆದರೆ ಅಪಾಯ ಎಷ್ಟು ಎನ್ನುವುದು ಮೂರು ಸಂಗತಿಗಳ ಮೇಲೆ ನಿಂತಿದೆ: ನಾಯಿಯ ತೂಕ, ಚಾಕೊಲೇಟ್‌ನ ಬಗೆ, ತಿಂದ ಪ್ರಮಾಣ. ಈ ಮೂರು ಗೊತ್ತಿದ್ದರೆ ಐದು ನಿಮಿಷದಲ್ಲಿ ನಿರ್ಧಾರ ಮಾಡಬಹುದು.

ಚುಟುಕಾಗಿ ಹೇಳುವುದಾದರೆ

• ನಾಯಿ ತಿಂದು ಎರಡು ಗಂಟೆಯೊಳಗೆ ಪಶುವೈದ್ಯರ ಬಳಿ ತಲುಪಿದರೆ ಬದುಕುವ ಅವಕಾಶ ತುಂಬಾ ಚೆನ್ನಾಗಿದೆ. ಲಕ್ಷಣ ಕಾಣಲಿ ಎಂದು ಕಾಯಬೇಡಿ.
• ಡಾರ್ಕ್ ಚಾಕೊಲೇಟ್, ಬೇಕಿಂಗ್ ಚಾಕೊಲೇಟ್, ಕೋಕೋ ಪೌಡರ್ ತಿಂದಿದ್ದರೆ ಪ್ರಮಾಣ ಕಡಿಮೆ ಅನ್ನಿಸಿದರೂ ತಕ್ಷಣ ಫೋನ್ ಮಾಡಿ.
• ಮನೆಯಲ್ಲಿ ಉಪ್ಪುನೀರು, ಹುಣಸೆನೀರು, ಎಣ್ಣೆ, ಹೈಡ್ರೋಜನ್ ಪೆರಾಕ್ಸೈಡ್ ಏನನ್ನೂ ಕುಡಿಸಬೇಡಿ.
• ಚಾಕೊಲೇಟ್‌ನ ಕವರ್ ಎಸೆಯಬೇಡಿ, ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ.

ನಾವು ತಿಂದರೆ ಆಗದ್ದು ನಾಯಿಗೆ ಯಾಕೆ ಆಗುತ್ತದೆ?

ಹಲವರು ತಪ್ಪು ಚಾಕೊಲೇಟ್‌ನ ಸಕ್ಕರೆಯದ್ದು ಅಂದುಕೊಂಡಿದ್ದಾರೆ. "ಸಿಹಿ ತಿಂದರೆ ನಾಯಿಗೆ ಕೂದಲು ಉದುರುತ್ತದೆ, ಜಂತು ಆಗುತ್ತದೆ" ಎಂಬ ಮಾತಿನ ಜೊತೆಗೆ ಇದನ್ನೂ ಸೇರಿಸಿಬಿಟ್ಟಿದ್ದಾರೆ. ಇಲ್ಲಿ ನಿಜವಾದ ವಿಷ ಸಕ್ಕರೆಯಲ್ಲ. ಕೋಕೋ ಬೀಜದಲ್ಲಿರುವ ಥಿಯೋಬ್ರೊಮಿನ್, ಅದರ ಜೊತೆಗೆ ಸ್ವಲ್ಪ ಕೆಫೀನ್. ಕಾಫಿ ಕುಡಿದಾಗ ನಿದ್ದೆ ಹಾರಿಹೋಗುವುದು ಕೆಫೀನ್‌ನಿಂದ. ಥಿಯೋಬ್ರೊಮಿನ್ ಅದರ ಹತ್ತಿರದ ಸಂಬಂಧಿ.

ನಮ್ಮ ದೇಹದಲ್ಲಿ ನರಗಳನ್ನು ಶಾಂತವಾಗಿಡುವ ಅಡೆನೊಸಿನ್ ಎಂಬ ರಾಸಾಯನಿಕವಿದೆ. ಅದು ಕೂರಬೇಕಾದ ಜಾಗದಲ್ಲಿ ಥಿಯೋಬ್ರೊಮಿನ್ ಹೋಗಿ ಕೂತುಬಿಡುತ್ತದೆ. ಬ್ರೇಕ್ ತಪ್ಪಿದ ಗಾಡಿಯ ಹಾಗೆ ಹೃದಯ ಓಡತೊಡಗುತ್ತದೆ, ಸ್ನಾಯುಗಳು ನಡುಗುತ್ತವೆ, ಮೆದುಳು ಅತಿಯಾಗಿ ಚುರುಕಾಗುತ್ತದೆ.

ನಮಗೂ ನಾಯಿಗೂ ಇರುವ ವ್ಯತ್ಯಾಸ ಅದನ್ನು ಹೊರಹಾಕುವ ವೇಗದಲ್ಲಿದೆ. ಮನುಷ್ಯನ ದೇಹದಲ್ಲಿ ಥಿಯೋಬ್ರೊಮಿನ್ ಅರ್ಧಕ್ಕೆ ಇಳಿಯಲು ಸುಮಾರು 6ರಿಂದ 10 ಗಂಟೆ ಸಾಕು. ನಾಯಿಗೆ ಸುಮಾರು 17.5 ಗಂಟೆ ಬೇಕು. ಅಂದರೆ ಇವತ್ತು ರಾತ್ರಿ ತಿಂದ ಚಾಕೊಲೇಟ್‌ನ ಅರ್ಧ ವಿಷ ನಾಳೆ ಮಧ್ಯಾಹ್ನ ದಾಟಿದರೂ ನಾಯಿಯ ರಕ್ತದಲ್ಲೇ ಇರುತ್ತದೆ. ಮೂತ್ರಕೋಶಕ್ಕೆ ಹೋದ ವಿಷವೂ ಅಲ್ಲಿಂದ ಮತ್ತೆ ರಕ್ತಕ್ಕೆ ಹೀರಿಕೊಳ್ಳುತ್ತದೆ. ಹಾಗಾಗಿಯೇ ತೊಂದರೆ ಎರಡು-ಮೂರು ದಿನ ಎಳೆಯಬಹುದು.

ಎಷ್ಟು ತಿಂದರೆ ಅಪಾಯ?

ಪಶುವೈದ್ಯರು ಬಳಸುವ ಅಳತೆ ಹೀಗಿದೆ. ನಾಯಿಯ ಪ್ರತಿ ಕೆಜಿ ತೂಕಕ್ಕೆ:

• ಸುಮಾರು 20 ಮಿಲಿಗ್ರಾಂ: ವಾಂತಿ, ಭೇದಿ, ಅತಿ ಬಾಯಾರಿಕೆ, ಚಡಪಡಿಕೆ
• 40ರಿಂದ 50 ಮಿಲಿಗ್ರಾಂ: ಹೃದಯದ ಬಡಿತ ತಪ್ಪುವುದು
• 60 ಮಿಲಿಗ್ರಾಂ ಮತ್ತು ಮೇಲೆ: ಫಿಟ್ಸ್
• 100ರಿಂದ 200 ಮಿಲಿಗ್ರಾಂ: ಸಾವು ಸಂಭವಿಸುವ ಮಟ್ಟ. ಕೆಲವು ನಾಯಿಗಳು ಇದಕ್ಕಿಂತ ಕಡಿಮೆಯಲ್ಲೂ ಸಾಯಬಹುದು

ಇನ್ನು ಯಾವ ಚಾಕೊಲೇಟ್‌ನಲ್ಲಿ ಎಷ್ಟು ವಿಷ ಎಂದು ನೋಡೋಣ. ಥಿಯೋಬ್ರೊಮಿನ್ ಮತ್ತು ಕೆಫೀನ್ ಎರಡೂ ಸೇರಿ, ಪ್ರತಿ ಗ್ರಾಂನಲ್ಲಿ ಸುಮಾರು:

• ವೈಟ್ ಚಾಕೊಲೇಟ್: ಲೆಕ್ಕಕ್ಕೆ ಬಾರದಷ್ಟು ಕಡಿಮೆ
• ಮಿಲ್ಕ್ ಚಾಕೊಲೇಟ್: 2.3 ಮಿಲಿಗ್ರಾಂ
• ಡಾರ್ಕ್ ಚಾಕೊಲೇಟ್: 5.7 ಮಿಲಿಗ್ರಾಂ
• ಸಕ್ಕರೆ ಇಲ್ಲದ ಬೇಕಿಂಗ್ ಚಾಕೊಲೇಟ್: 15.5 ಮಿಲಿಗ್ರಾಂ
• ಕೋಕೋ ಪೌಡರ್: 28.5 ಮಿಲಿಗ್ರಾಂ

ಕಂಪನಿಯಿಂದ ಕಂಪನಿಗೆ ಇದು ಸ್ವಲ್ಪ ಬದಲಾಗುತ್ತದೆ. ಕವರ್ ಮೇಲೆ ಕೋಕೋ ಶೇಕಡಾವಾರು ಹೆಚ್ಚಿದ್ದಷ್ಟೂ ವಿಷವೂ ಹೆಚ್ಚು. 70%, 85% ಎಂದು ಬರೆದಿರುವ ಡಾರ್ಕ್ ಚಾಕೊಲೇಟ್ ಮೇಲಿನ ಅಂಕಿಗಿಂತ ಜೋರಾಗಿಯೇ ಇರಬಹುದು.

ಲೆಕ್ಕ ಸುಲಭ: ತಿಂದ ಗ್ರಾಂ × ಒಂದು ಗ್ರಾಂನಲ್ಲಿರುವ ಮಿಲಿಗ್ರಾಂ ÷ ನಾಯಿಯ ತೂಕ.

ಉದಾಹರಣೆ 1: 30 ಕೆಜಿ ತೂಗುವ ಲ್ಯಾಬ್ರಡಾರ್ 50 ಗ್ರಾಂ ಮಿಲ್ಕ್ ಚಾಕೊಲೇಟ್ ತಿಂದಿದೆ. 50 × 2.3 = 115 ಮಿಲಿಗ್ರಾಂ. 30ರಿಂದ ಭಾಗಿಸಿದರೆ ಕೆಜಿಗೆ 4 ಮಿಲಿಗ್ರಾಂ ಕೂಡ ಆಗಲಿಲ್ಲ. ಹೊಟ್ಟೆ ಸ್ವಲ್ಪ ಕೆಡಬಹುದು, ಅಷ್ಟೇ. "ನಮ್ಮ ನಾಯಿ ತಿನ್ನತ್ತೆ, ಏನೂ ಆಗಿಲ್ಲ" ಎನ್ನುವವರ ಅನುಭವ ಬಹುತೇಕ ಇಂಥದ್ದು.

ಉದಾಹರಣೆ 2: ಅದೇ 50 ಗ್ರಾಂ ಮಿಲ್ಕ್ ಚಾಕೊಲೇಟನ್ನು 4 ಕೆಜಿಯ ಪೊಮೇರಿಯನ್ ತಿಂದಿದೆ. 115 ÷ 4 = ಸುಮಾರು 29 ಮಿಲಿಗ್ರಾಂ. ಆಸ್ಪತ್ರೆಗೆ ಹೋಗಲೇಬೇಕು.

ಉದಾಹರಣೆ 3: ಅದೇ ಪೊಮೇರಿಯನ್ 50 ಗ್ರಾಂ ಡಾರ್ಕ್ ಚಾಕೊಲೇಟ್ ತಿಂದಿದೆ. 285 ÷ 4 = 71 ಮಿಲಿಗ್ರಾಂ. ಇದು ಫಿಟ್ಸ್ ಬರುವ ಮಟ್ಟ. ಚಪ್ಪಲಿ ಹಾಕಿಕೊಂಡು ಹೊರಡುತ್ತಲೇ ಫೋನ್ ಮಾಡಿ.

ಕೋಕೋ ಪೌಡರ್ ಎಷ್ಟು ಜೋರು ಎನ್ನುವುದಕ್ಕೆ ಇದೊಂದು ನೆನಪಿಡಿ. 10 ಗ್ರಾಂ ಕೋಕೋ ಪೌಡರ್, 50 ಗ್ರಾಂ ಡಾರ್ಕ್ ಚಾಕೊಲೇಟ್, 125 ಗ್ರಾಂ ಮಿಲ್ಕ್ ಚಾಕೊಲೇಟ್ – ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ವಿಷವಿದೆ.

ಲೆಕ್ಕ ಹಾಕಲು ಸಮಯವಿಲ್ಲದವರಿಗೆ, 20 ಮಿಲಿಗ್ರಾಂ ಮಟ್ಟ ತಲುಪಲು ಬೇಕಾಗುವ ಪ್ರಮಾಣ ಇಲ್ಲಿದೆ:

• 5 ಕೆಜಿ ನಾಯಿ: ಮಿಲ್ಕ್ 43 ಗ್ರಾಂ, ಡಾರ್ಕ್ 17 ಗ್ರಾಂ, ಕೋಕೋ ಪೌಡರ್ 3.5 ಗ್ರಾಂ
• 10 ಕೆಜಿ ನಾಯಿ: ಮಿಲ್ಕ್ 87 ಗ್ರಾಂ, ಡಾರ್ಕ್ 35 ಗ್ರಾಂ, ಕೋಕೋ ಪೌಡರ್ 7 ಗ್ರಾಂ
• 20 ಕೆಜಿ ನಾಯಿ: ಮಿಲ್ಕ್ 174 ಗ್ರಾಂ, ಡಾರ್ಕ್ 70 ಗ್ರಾಂ, ಕೋಕೋ ಪೌಡರ್ 14 ಗ್ರಾಂ
• 30 ಕೆಜಿ ನಾಯಿ: ಮಿಲ್ಕ್ 260 ಗ್ರಾಂ, ಡಾರ್ಕ್ 105 ಗ್ರಾಂ, ಕೋಕೋ ಪೌಡರ್ 21 ಗ್ರಾಂ

ಇದರ ಅರ್ಧದಷ್ಟು ತಿಂದಿದ್ದರೂ ವೈದ್ಯರಿಗೆ ಒಂದು ಫೋನ್ ಮಾಡಿ ಕೇಳುವುದು ಒಳ್ಳೆಯದು. ನಾಯಿ ಮರಿಯಾಗಿದ್ದರೆ, ವಯಸ್ಸಾಗಿದ್ದರೆ, ಹೃದಯದ ತೊಂದರೆ ಇದ್ದರೆ, ಹಿಂದೆ ಫಿಟ್ಸ್ ಬಂದಿದ್ದರೆ ಇನ್ನೂ ಕಡಿಮೆಗೇ ಎಚ್ಚರ ವಹಿಸಿ. ಗಬ್ಬದ ನಾಯಿ ತಿಂದರೆ ವಿಷ ಹೊಟ್ಟೆಯಲ್ಲಿರುವ ಮರಿಗಳಿಗೂ ಹೋಗುತ್ತದೆ, ಹಾಲುಣಿಸುವ ನಾಯಿ ತಿಂದರೆ ಹಾಲಿನ ಮೂಲಕ ಮರಿಗಳಿಗೆ ಸೇರುತ್ತದೆ.

ಎಷ್ಟು ತಿಂದಿದೆ ಎಂದು ಖಚಿತವಿಲ್ಲದಿದ್ದರೆ ಡಬ್ಬಿಯಲ್ಲಿ ಕಾಣೆಯಾದದ್ದೆಲ್ಲ ನಾಯಿಯ ಹೊಟ್ಟೆಗೇ ಹೋಗಿದೆ ಎಂದು ಲೆಕ್ಕ ಹಿಡಿಯಿರಿ. ಮನೆಯಲ್ಲಿ ಎರಡು ನಾಯಿಗಳಿದ್ದರೆ ಪೂರ್ತಿ ಪ್ರಮಾಣವನ್ನು ಒಂದೊಂದೂ ತಿಂದಿದೆ ಎಂದೇ ಭಾವಿಸಿ.

ಕೇಕ್, ಬಿಸ್ಕತ್ತು ತಿಂದಿದ್ದರೆ?

ಚಾಕೊಲೇಟ್ ಬಿಸ್ಕತ್ತು, ಐಸ್‌ಕ್ರೀಮ್, ಮಾಲ್ಟ್ ಪುಡಿಗಳಲ್ಲಿ ಕೋಕೋ ಕಡಿಮೆ. ಒಂದೆರಡು ಬಿಸ್ಕತ್ತಿಗೆ ದೊಡ್ಡ ನಾಯಿ ಅಪಾಯಕ್ಕೆ ಹೋಗುವುದಿಲ್ಲ. ಆದರೆ ಮನೆಯಲ್ಲೇ ಬೇಕ್ ಮಾಡಿದ ಕೇಕ್ ಬೇರೆ ಮಾತು. 1 ಕೆಜಿ ಕೇಕ್‌ಗೆ 50 ಗ್ರಾಂ ಕೋಕೋ ಪೌಡರ್ ಹಾಕಿದ್ದರೆ 100 ಗ್ರಾಂ ತುಂಡಿನಲ್ಲಿ 5 ಗ್ರಾಂ ಕೋಕೋ ಇರುತ್ತದೆ. 5 ಕೆಜಿ ನಾಯಿಗೆ ಅಷ್ಟೇ ಆಸ್ಪತ್ರೆ ಮೆಟ್ಟಿಲು ಹತ್ತಿಸಲು ಸಾಕು. ಕೇಕ್ ಮಾಡಿದವರಿಗೆ ಫೋನ್ ಮಾಡಿ ಎಷ್ಟು ಕೋಕೋ ಹಾಕಿದ್ದರು ಎಂದು ಕೇಳಿ.

ಕರಾವಳಿ, ಮಲೆನಾಡಿನ ತೋಟದ ಮನೆಗಳಿಗೂ ಇಲ್ಲೊಂದು ಮಾತಿದೆ. ಪುತ್ತೂರು, ಸುಳ್ಯ ಕಡೆ ಅಡಿಕೆ ತೋಟದ ನಡುವೆ ಕೋಕೋ ಬೆಳೆಯುತ್ತಾರೆ. ಪುತ್ತೂರಿನಲ್ಲಿ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ 1986ರಿಂದಲೇ ಇದೆ. ಒಣಗಿದ ಕೋಕೋ ಬೀಜದ ಪ್ರತಿ ಗ್ರಾಂನಲ್ಲಿ ಸುಮಾರು 20 ಮಿಲಿಗ್ರಾಂ, ಅದರ ಸಿಪ್ಪೆಯಲ್ಲಿ ಸುಮಾರು 9 ಮಿಲಿಗ್ರಾಂ ವಿಷಾಂಶವಿರುತ್ತದೆ. ಡಾರ್ಕ್ ಚಾಕೊಲೇಟ್‌ಗಿಂತ ಸಿಪ್ಪೆಯೇ ಜೋರು. ಅಂಗಳದಲ್ಲಿ ಬೀಜ ಒಣಹಾಕುವವರು, ಸಿಪ್ಪೆಯನ್ನು ಗಿಡದ ಬುಡಕ್ಕೆ ಹಾಕುವವರು ನಾಯಿ ಅತ್ತ ಸುಳಿಯದಂತೆ ನೋಡಿಕೊಳ್ಳಿ.

ಲಕ್ಷಣಗಳು ಯಾವಾಗ, ಹೇಗೆ?

ತಿಂದ ಮೊದಲ ಗಂಟೆಯಲ್ಲಿ ನಾಯಿ ಆರಾಮಾಗಿಯೇ ಇರುತ್ತದೆ. ನಾವು ಮೋಸ ಹೋಗುವುದು ಇಲ್ಲೇ.

2ರಿಂದ 4 ಗಂಟೆ: ಕೆಲವು ನಾಯಿಗಳಲ್ಲಿ ವಾಂತಿ, ಪದೇ ಪದೇ ನೀರು ಕುಡಿಯುವುದು, ಒಂದು ಕಡೆ ಕೂರದೆ ಓಡಾಡುವುದು ಶುರುವಾಗುತ್ತದೆ.

6ರಿಂದ 12 ಗಂಟೆ: ಹೆಚ್ಚಿನ ನಾಯಿಗಳಲ್ಲಿ ಲಕ್ಷಣ ಸ್ಪಷ್ಟವಾಗುವುದು ಈ ಹೊತ್ತಿಗೆ. ಭೇದಿ, ಹೊಟ್ಟೆ ಉಬ್ಬರ, ಅತಿಯಾಗಿ ಮೂತ್ರ, ಏದುಸಿರು, ನಡಿಗೆ ತಪ್ಪುವುದು, ಮೈ ನಡುಕ, ಎದೆ ಬಡಿತ ಜೋರಾಗುವುದು.

ಗಂಭೀರ ಹಂತ: ಮೈ ಸೆಟೆದುಕೊಳ್ಳುವುದು, ಫಿಟ್ಸ್, ಮೈ ಸುಡುವುದು, ಒಸಡು ನೀಲಿಯಾಗುವುದು, ಪ್ರಜ್ಞೆ ತಪ್ಪುವುದು. ಸಾವು ಬಂದರೆ ಅದು ಹೃದಯದ ಲಯ ತಪ್ಪಿ, ಮೈ ಬಿಸಿ ವಿಪರೀತ ಏರಿ ಅಥವಾ ಉಸಿರಾಟ ನಿಂತು ಬರುತ್ತದೆ.

ಅಂದರೆ ರಾತ್ರಿ ಹತ್ತಕ್ಕೆ ತಿಂದ ನಾಯಿಗೆ ತೊಂದರೆ ಜೋರಾಗುವುದು ಬೆಳಗಿನ ಜಾವ, ಮನೆಯವರೆಲ್ಲ ಗಾಢ ನಿದ್ದೆಯಲ್ಲಿರುವಾಗ. "ಬೆಳಗ್ಗೆ ನೋಡೋಣ" ಎನ್ನುವ ಮಾತು ದುಬಾರಿಯಾಗುವುದು ಇದರಿಂದಲೇ.

ನಾಯಿಯ ಎದೆ ಬಡಿತ ಎಣಿಸುವುದನ್ನು ಇವತ್ತೇ ಕಲಿತಿಟ್ಟುಕೊಳ್ಳಿ. ಎಡ ಮುಂಗಾಲಿನ ಮೊಣಕೈ ಹಿಂಭಾಗದಲ್ಲಿ ಎದೆಯ ಮೇಲೆ ಕೈ ಇಡಿ. 15 ಸೆಕೆಂಡ್ ಎಣಿಸಿ 4ರಿಂದ ಗುಣಿಸಿ. ವಿಶ್ರಾಂತಿಯಲ್ಲಿರುವ ದೊಡ್ಡ ನಾಯಿಗೆ ನಿಮಿಷಕ್ಕೆ 60ರಿಂದ 100, ಚಿಕ್ಕ ನಾಯಿಗೆ ಸುಮಾರು 140ರವರೆಗೆ ಸಹಜ. ಮಲಗಿರುವಾಗಲೂ ಅದಕ್ಕಿಂತ ತುಂಬಾ ಹೆಚ್ಚಿದ್ದರೆ ಅದು ಎಚ್ಚರಿಕೆಯ ಗಂಟೆ.

ಈಗಲೇ ಏನು ಮಾಡಬೇಕು?

1. ಉಳಿದ ಚಾಕೊಲೇಟನ್ನು ನಾಯಿಯ ಬಾಯಿಗೆ ಸಿಗದಂತೆ ತೆಗೆಯಿರಿ. ಬಾಯಲ್ಲಿ ಕವರ್ ಇದ್ದರೆ, ಕಚ್ಚದ ನಾಯಿಯಾದರೆ ಮಾತ್ರ ಹೊರತೆಗೆಯಿರಿ.

2. ಗಡಿಯಾರ ನೋಡಿ. ಯಾವಾಗ ತಿಂದಿರಬಹುದು ಎಂದು ಬರೆದಿಡಿ.

3. ಕವರ್‌ನ ಫೋಟೋ ತೆಗೆಯಿರಿ. ಕೋಕೋ ಶೇಕಡಾ, ಗ್ರಾಂ, ಪದಾರ್ಥಗಳ ಪಟ್ಟಿ ಕಾಣುವಂತಿರಲಿ.

4. ನಾಯಿಯ ತೂಕ ಗೊತ್ತಿಲ್ಲವೇ? ಅದನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ.

5. ಹೊರಡುವ ಮೊದಲೇ ಫೋನ್ ಮಾಡಿ. ಗೂಗಲ್ ಮ್ಯಾಪ್‌ನಲ್ಲಿ "24 ಗಂಟೆ" ಎಂದು ತೋರಿಸುವ ಕ್ಲಿನಿಕ್ ಬಾಗಿಲು ಹಾಕಿರಬಹುದು. ಫೋನ್‌ನಲ್ಲಿ ಕಥೆ ಹೇಳಬೇಡಿ, ಹೀಗೆ ಹೇಳಿ: "ಡಾಕ್ಟ್ರೇ, ನನ್ನ ನಾಯಿ 6 ಕೆಜಿ ಇದೆ. ಅರ್ಧ ಗಂಟೆ ಹಿಂದೆ 40 ಗ್ರಾಂ ಡಾರ್ಕ್ ಚಾಕೊಲೇಟ್ ತಿಂದಿದೆ. ಇನ್ನೂ ವಾಂತಿ ಆಗಿಲ್ಲ. ವಾಂತಿ ಮಾಡಿಸೋಕೆ, ಡ್ರಿಪ್ಸ್ ಹಾಕೋಕೆ ನಿಮ್ಮಲ್ಲಿ ವ್ಯವಸ್ಥೆ ಇದೆಯಾ? ಈಗ ಬರಬಹುದಾ?"

6. ಗಾಡಿಗೆ ಹತ್ತಿಸುವಾಗ ಹಳೆಯ ಬೆಡ್‌ಶೀಟ್ ಹಾಸಿ. ಆಟೋದವರು ನಾಯಿ ಎಂದರೆ ಹಿಂಜರಿಯುತ್ತಾರೆ, ಬುಟ್ಟಿ ಅಥವಾ ಬೆಡ್‌ಶೀಟ್ ಇದ್ದರೆ ಒಪ್ಪುವುದು ಸುಲಭ. ವಾಂತಿ ಬರುತ್ತಿರುವ ನಾಯಿಗೆ ಬಾಯಿ ಕಟ್ಟಬೇಡಿ, ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ.

ದಾರಿಯಲ್ಲಿ ಫಿಟ್ಸ್ ಬಂದರೆ ಬಾಯಿಗೆ ಕೈ ಹಾಕಬೇಡಿ, ನೀರು ಬಿಡಬೇಡಿ. ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಯಾವುದೂ ಬೇಡ. ತಲೆ ಯಾವುದಕ್ಕೂ ಬಡಿಯದಂತೆ ನೋಡಿಕೊಳ್ಳಿ, ಎಷ್ಟು ಹೊತ್ತು ಬಂತು ಎಂದು ಗಮನಿಸಿ, ಗಾಡಿ ನಿಲ್ಲಿಸದೆ ಮುಂದೆ ಹೋಗಿ.

ಎಲ್ಲಿಗೆ ಹೋಗಬೇಕು?

ದೊಡ್ಡ ಊರುಗಳಲ್ಲಿ ರಾತ್ರಿಯೂ ತೆರೆದಿರುವ ಖಾಸಗಿ ಪೆಟ್ ಆಸ್ಪತ್ರೆಗಳಿವೆ. ಸರ್ಕಾರಿ ಪಶು ಆಸ್ಪತ್ರೆ ಎಂದರೆ ಹಸು-ಎಮ್ಮೆಗೆ ಮಾತ್ರ ಎನ್ನುವ ಭಾವನೆ ಅನೇಕರಿಗಿದೆ. ಅದು ಸರಿಯಲ್ಲ, ಅಲ್ಲಿ ನಾಯಿ-ಬೆಕ್ಕುಗಳಿಗೂ ಚಿಕಿತ್ಸೆ ಕೊಡುತ್ತಾರೆ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಕಾಲೇಜಿನ ಆಸ್ಪತ್ರೆಯಲ್ಲಿ ಪರಿಣತರು ಸಿಗುತ್ತಾರೆ. ನಿಮ್ಮ ಹತ್ತಿರದ್ದು ಯಾವುದು, ರಾತ್ರಿ ಯಾರು ಇರುತ್ತಾರೆ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ.

1962 ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನಗಳ ಉಚಿತ ಸಂಖ್ಯೆ. ಇದು ಮುಖ್ಯವಾಗಿ ರೈತರ ಮನೆ ಬಾಗಿಲಿಗೆ ಜಾನುವಾರು ಚಿಕಿತ್ಸೆ ಒದಗಿಸಲು ಇರುವ ವ್ಯವಸ್ಥೆ. ಫೋನ್ ಮಾಡಿ ಕೇಳಬಹುದು, ಆದರೆ ಮಧ್ಯರಾತ್ರಿ ಅದೊಂದನ್ನೇ ನಂಬಿ ಮನೆಯಲ್ಲಿ ಕೂರಬೇಡಿ.

ಹಳ್ಳಿಯಲ್ಲಿದ್ದೀರಿ, ರಾತ್ರಿ ಯಾರೂ ಸಿಗುತ್ತಿಲ್ಲ. ಆಗ? ಗೊತ್ತಿರುವ ಪಶುವೈದ್ಯರಿಗೆ ಫೋನ್ ಅಥವಾ ವಿಡಿಯೋ ಕಾಲ್ ಮಾಡಿ, ಅವರು ಹೇಳಿದಷ್ಟನ್ನು ಮಾತ್ರ ಮಾಡಿ. ನಾಯಿಯನ್ನು ಮಂದ ಬೆಳಕಿನ, ಸದ್ದಿಲ್ಲದ ಕೋಣೆಯಲ್ಲಿ ಇಡಿ. ಓಡಾಡಿಸಬೇಡಿ. ಕುಡಿಯಲು ನೀರು ಇಡಿ, ಬಲವಂತವಾಗಿ ಕುಡಿಸಬೇಡಿ. ಒಂದೆರಡು ಗಂಟೆಗೊಮ್ಮೆ ಮೂತ್ರಕ್ಕೆ ಹೊರಗೆ ಬಿಡಿ, ಮೂತ್ರಕೋಶ ಖಾಲಿಯಾದಷ್ಟೂ ವಿಷ ಮತ್ತೆ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಇದು ಚಿಕಿತ್ಸೆಯಲ್ಲ, ವೈದ್ಯರು ಸಿಗುವವರೆಗಿನ ಆರೈಕೆ. ಪಕ್ಕದ ಊರಿಗೆ ಗಾಡಿ ಸಿಕ್ಕರೆ ಹೊರಟುಬಿಡಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಎಎಸ್‌ಪಿಸಿಎ ಸಂಸ್ಥೆಯ ಪ್ರಾಣಿ ವಿಷ ಸಹಾಯವಾಣಿ ಹಗಲೂ ರಾತ್ರಿ ಸಿಗುತ್ತದೆ. ಅದಕ್ಕೆ ಶುಲ್ಕ ಇರಬಹುದು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಚಾಕೊಲೇಟ್ ವಿಷಕ್ಕೆ ಪ್ರತಿಮದ್ದು ಎಂಬುದಿಲ್ಲ. ಚಿಕಿತ್ಸೆ ಎಂದರೆ ಹೊಟ್ಟೆಯಲ್ಲಿರುವುದನ್ನು ಹೊರತೆಗೆಯುವುದು, ರಕ್ತಕ್ಕೆ ಸೇರಿದ್ದು ಹೊರಹೋಗುವವರೆಗೆ ಹೃದಯ ಮತ್ತು ಮೆದುಳನ್ನು ಕಾಪಾಡುವುದು.

ತಿಂದು ಹೆಚ್ಚು ಹೊತ್ತಾಗಿಲ್ಲದಿದ್ದರೆ ವಾಂತಿ ಬರಿಸುವ ಇಂಜೆಕ್ಷನ್ ಕೊಡುತ್ತಾರೆ. ಅಪೋಮಾರ್ಫಿನ್ ಇದಕ್ಕೆ ಹೆಸರಾದ ಔಷಧ, ಅದು ಸಿಗದಿದ್ದರೆ ವೈದ್ಯರು ಬೇರೆ ಔಷಧ ಬಳಸುತ್ತಾರೆ. ಚಾಕೊಲೇಟ್ ಕರಗಿ ಹೊಟ್ಟೆಯ ಗೋಡೆಗೆ ಅಂಟಿಕೊಳ್ಳುವುದರಿಂದ ಎರಡು ಗಂಟೆ ದಾಟಿದ್ದರೂ ಕೆಲವೊಮ್ಮೆ ವಾಂತಿ ಮಾಡಿಸುತ್ತಾರೆ. ನಾಯಿ ಆಗಲೇ ನಡುಗುತ್ತಿದ್ದರೆ, ಮಂಪರಿನಲ್ಲಿದ್ದರೆ ಈ ದಾರಿ ಮುಚ್ಚಿತು. ತಡ ಮಾಡಿದವರು ಕಳೆದುಕೊಳ್ಳುವುದು ಈ ಅವಕಾಶವನ್ನೇ.

ಆಮೇಲೆ ಆಕ್ಟಿವೇಟೆಡ್ ಚಾರ್ಕೋಲ್ ಕೊಡಬಹುದು. ಅದು ಕರುಳಿನಲ್ಲಿರುವ ವಿಷವನ್ನು ತನ್ನ ಮೈಗೆ ಅಂಟಿಸಿಕೊಂಡು ಮಲದಲ್ಲಿ ಹೊರಹೋಗುತ್ತದೆ. ಮರುದಿನ ಮಲ ಕಪ್ಪಾಗಿದ್ದರೆ ಗಾಬರಿ ಬೇಡ. ಡ್ರಿಪ್ಸ್ ಹಾಕಿ ಮೂತ್ರ ಹೆಚ್ಚು ಹೋಗುವಂತೆ ನೋಡಿಕೊಳ್ಳುತ್ತಾರೆ, ಬೇಕಿದ್ದರೆ ಮೂತ್ರಕ್ಕೆ ಟ್ಯೂಬ್ ಹಾಕುತ್ತಾರೆ. ಇಸಿಜಿ ತೆಗೆದು ಬಡಿತ ತಪ್ಪಿದ್ದರೆ ಅದಕ್ಕೆ ತಕ್ಕ ಔಷಧ, ಫಿಟ್ಸ್ ಬಂದರೆ ಡಯಾಜಿಪಾಮ್‌ನಂಥ ಇಂಜೆಕ್ಷನ್ ಕೊಡುತ್ತಾರೆ. ಗಂಭೀರವಾಗಿದ್ದರೆ ಒಂದರಿಂದ ಮೂರು ದಿನ ಇರಿಸಿಕೊಳ್ಳಬೇಕಾಗಬಹುದು. ಖರ್ಚು ಎಷ್ಟಾಗಬಹುದು ಎಂದು ಮೊದಲೇ ಕೇಳಲು ಸಂಕೋಚ ಬೇಡ. ಎಲ್ಲ ಪರೀಕ್ಷೆಗೂ ದುಡ್ಡಿಲ್ಲದಿದ್ದರೆ ಅದನ್ನೂ ಹೇಳಿ. ಬೇಗ ವಾಂತಿ ಮಾಡಿಸುವುದು ಇರುವುದರಲ್ಲಿ ಕಡಿಮೆ ಖರ್ಚಿನ, ಹೆಚ್ಚು ಫಲದ ಚಿಕಿತ್ಸೆ.

ಮನೆಗೆ ಬಂದ ಮೇಲೂ ಮೂರು ದಿನ ಕಣ್ಣಿಡಿ. ಚಾಕೊಲೇಟ್‌ನ ಕೊಬ್ಬಿನಿಂದ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಒಂದರಿಂದ ಮೂರು ದಿನದಲ್ಲಿ ಮತ್ತೆ ವಾಂತಿ, ಊಟ ಬಿಡುವುದು, ಹೊಟ್ಟೆ ನೋವಿನಿಂದ ಬೆನ್ನು ಬಾಗಿಸಿ ನಿಲ್ಲುವುದು ಕಂಡರೆ ಮತ್ತೆ ಆಸ್ಪತ್ರೆಗೆ ಹೋಗಿ. ವೈಟ್ ಚಾಕೊಲೇಟ್ ತುಂಬಾ ತಿಂದ ನಾಯಿಗೂ ಈ ಅಪಾಯವಿದೆ. ಕವರ್ ನುಂಗಿದ್ದರೆ ಅದು ಕರುಳಿಗೆ ಅಡ್ಡ ಸಿಕ್ಕಿಕೊಳ್ಳಬಹುದು, ವೈದ್ಯರಿಗೆ ಹೇಳುವುದನ್ನು ಮರೆಯಬೇಡಿ.

ಫಾರ್ವರ್ಡ್ ಮನೆಮದ್ದುಗಳು: ನಿಜವೆಷ್ಟು?

"ಉಪ್ಪುನೀರು ಕುಡಿಸಿದರೆ ವಾಂತಿಯಾಗುತ್ತದೆ."
ಅಪಾಯಕಾರಿ. ವಾಂತಿ ಆಗದಿದ್ದರೆ ಅಷ್ಟೂ ಉಪ್ಪು ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಸೋಡಿಯಂ ವಿಪರೀತ ಏರಿದರೆ ಅದರಿಂದಲೇ ಫಿಟ್ಸ್ ಬರುತ್ತದೆ, ಸಾವೂ ಬರಬಹುದು. ಚಾಕೊಲೇಟ್‌ನಿಂದ ಉಳಿಯಬಹುದಾಗಿದ್ದ ನಾಯಿ ಉಪ್ಪಿನಿಂದ ಸಾಯುವಂತಾಗಬಾರದು.

"ಹುಣಸೆಹಣ್ಣಿನ ನೀರು ವಿಷ ಇಳಿಸುತ್ತದೆ."
ತಪ್ಪು, ಇದೂ ಅಪಾಯಕಾರಿ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ ಹೇರಳವಾಗಿದೆ. ಹುಣಸೆ ತಿಂದ ನಾಯಿಗಳ ಮೂತ್ರಪಿಂಡಕ್ಕೆ ಪೆಟ್ಟಾದ ಪ್ರಕರಣಗಳನ್ನು ಅಮೆರಿಕದ ಪಶು ವಿಷ ತಜ್ಞರು 2022ರಲ್ಲಿ ವರದಿ ಮಾಡಿದ್ದಾರೆ. ದ್ರಾಕ್ಷಿ ನಾಯಿಗೆ ವಿಷವಾಗುವುದಕ್ಕೂ ಇದೇ ಆಮ್ಲ ಕಾರಣವಿರಬೇಕು ಎಂಬುದು ಅವರ ವಿವರಣೆ. ನಮ್ಮ ಅಡುಗೆಮನೆಯಲ್ಲಿ ಮೊದಲು ಕೈಗೆ ಸಿಗುವುದು ಹುಣಸೆಯೇ ಆದ್ದರಿಂದ ಈ ಮಾತನ್ನು ಗಟ್ಟಿಯಾಗಿ ನೆನಪಿಡಿ.

"ಹೈಡ್ರೋಜನ್ ಪೆರಾಕ್ಸೈಡ್ ಕೊಡಿ, ವಿದೇಶದಲ್ಲಿ ಎಲ್ಲರೂ ಕೊಡುತ್ತಾರೆ."
ಅರ್ಧ ಸತ್ಯ. ಅಲ್ಲಿ ವೈದ್ಯರು ಫೋನ್‌ನಲ್ಲಿ ಪ್ರಮಾಣ ಹೇಳಿದಾಗ ಮಾತ್ರ 3% ದ್ರಾವಣ ಕೊಡುವುದುಂಟು. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಹಲವು ಸಲ ಸಿಗುವುದು 6% ದ್ರಾವಣ. ಅದು ಅನ್ನನಾಳ, ಹೊಟ್ಟೆಯನ್ನು ಸುಟ್ಟು ಹುಣ್ಣು ಮಾಡಬಹುದು. ಪಗ್, ಶಿಟ್ಜುನಂಥ ಚಪ್ಪಟೆ ಮೂತಿಯ ನಾಯಿಗಳಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಇನ್ನೂ ಹೆಚ್ಚು.

"ಒಲೆಯ ಇದ್ದಿಲು, ಸುಟ್ಟ ರೊಟ್ಟಿ ತಿನ್ನಿಸಿ, ಅದೇ ಚಾರ್ಕೋಲ್."
ತಪ್ಪು. ಆಸ್ಪತ್ರೆಯ ಚಾರ್ಕೋಲ್ ವಿಷ ಹೀರುವಂತೆ ವಿಶೇಷವಾಗಿ ಸಂಸ್ಕರಿಸಿದ್ದು. ಒಲೆಯ ಇದ್ದಿಲಿಗೆ ಆ ಶಕ್ತಿ ಇಲ್ಲ.

"ಹಾಲು, ಮೊಸರು ಕೊಟ್ಟರೆ ವಿಷ ಸೌಮ್ಯವಾಗುತ್ತದೆ."
ತಪ್ಪು. ಹಾಲಿಗೆ ಥಿಯೋಬ್ರೊಮಿನ್ ತಡೆಯುವ ಗುಣವಿಲ್ಲ. ಎಣ್ಣೆ, ತುಪ್ಪ ಕುಡಿಸುವುದು ಇನ್ನೂ ಕೆಟ್ಟದ್ದು, ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ.

"ವಾಂತಿ ಆಗುತ್ತಿದೆ, ನಮ್ಮ ಮಾತ್ರೆಯನ್ನೇ ಕಾಲು ಭಾಗ ಕೊಡೋಣ."
ಬೇಡ. ವಿಷ ಹೊರಬರುತ್ತಿರುವಾಗ ವಾಂತಿ ನಿಲ್ಲಿಸುವುದು ಎಂದರೆ ಕಳ್ಳನನ್ನು ಒಳಗೇ ಇಟ್ಟು ಬಾಗಿಲು ಹಾಕಿದಂತೆ. ಮನುಷ್ಯರ ನೋವಿನ ಮಾತ್ರೆಗಳಂತೂ ನಾಯಿಗೆ ಬೇರೆಯೇ ವಿಷ.

"ನಮ್ಮದು ನಾಟಿ ನಾಯಿ, ಬೀದಿಯಲ್ಲಿ ಏನೇನೋ ತಿಂದು ಜೀರ್ಣಿಸಿಕೊಳ್ಳುತ್ತದೆ."
ತಪ್ಪು. ಇಲ್ಲಿ ಲೆಕ್ಕಕ್ಕೆ ಬರುವುದು ತೂಕ, ತಳಿಯಲ್ಲ. ಅದೇ ತೂಕದ ನಾಟಿ ನಾಯಿಗೂ ಜಾತಿ ನಾಯಿಗೂ ಅಪಾಯ ಒಂದೇ. ಬೀದಿ ನಾಯಿಗೆ ಪ್ರೀತಿಯಿಂದ ಚಾಕೊಲೇಟ್ ಬಿಸ್ಕತ್ತು ಹಾಕುವವರೂ ಇದನ್ನು ಗಮನಿಸಿ.

"ಒಂದು ತುಂಡು ತಿಂದರೂ ಸಾವು ಖಚಿತ."
ತಪ್ಪು. ಮೇಲಿನ ಲೆಕ್ಕ ನೋಡಿ. ಸುಳ್ಳು ಭಯವೂ ಕೆಡುಕೇ ಮಾಡುತ್ತದೆ. ಗಾಬರಿಗೆ ಬಿದ್ದವರೇ ಉಪ್ಪುನೀರಿಗೆ ಕೈ ಹಾಕುವುದು.

ಚಾಕೊಲೇಟ್ ಜೊತೆಗೆ ಬರುವ ಬೇರೆ ವಿಷಗಳು

ಕವರ್ ಉಳಿಸಿಕೊಳ್ಳಿ ಎಂದು ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. "ಶುಗರ್ ಫ್ರೀ" ಚಾಕೊಲೇಟ್‌ನಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರಬಹುದು. ಪದಾರ್ಥಗಳ ಪಟ್ಟಿಯಲ್ಲಿ ಐಎನ್‌ಎಸ್ 967 ಎಂದೂ ಬರೆದಿರುತ್ತಾರೆ. ಇದು ನಾಯಿಯ ರಕ್ತದ ಸಕ್ಕರೆಯನ್ನು ಅರ್ಧ-ಮುಕ್ಕಾಲು ಗಂಟೆಯಲ್ಲೇ ಕುಸಿಯುವಂತೆ ಮಾಡಬಲ್ಲದು, ಹೆಚ್ಚಾದರೆ ಯಕೃತ್ತನ್ನೂ ಕೆಡಿಸುತ್ತದೆ. ಕ್ಸೈಲಿಟಾಲ್ ಕಂಡರೆ ಪ್ರಮಾಣದ ಲೆಕ್ಕ ಹಾಕುತ್ತಾ ಕೂರಬೇಡಿ, ಹೊರಡಿ.

ಒಣದ್ರಾಕ್ಷಿ ಹಾಕಿದ ಚಾಕೊಲೇಟ್, ಕ್ರಿಸ್‌ಮಸ್‌ನ ಪ್ಲಮ್ ಕೇಕ್ ಕೂಡ ಅಷ್ಟೇ. ಒಣದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡ ಕೆಡಬಹುದು, ಯಾವ ನಾಯಿಗೆ ಎಷ್ಟರಲ್ಲಿ ಕೆಡುತ್ತದೆ ಎಂದು ಊಹಿಸುವುದು ಕಷ್ಟ. ಕಾಫಿ ಪುಡಿ, ಕಾಫಿ ಬೀಜ, ಟೀ ಸೊಪ್ಪಿನಲ್ಲಿ ಕೆಫೀನ್ ಇದೆ, ಅದು ಮಾಡುವ ತೊಂದರೆಯೂ ಚಾಕೊಲೇಟ್‌ನದ್ದೇ ಬಗೆಯದು. ಫಿಲ್ಟರ್‌ನಿಂದ ತೆಗೆದ ಗಸಿಯನ್ನೂ ನಾಯಿಗೆ ಸಿಗುವ ಜಾಗದಲ್ಲಿ ಸುರಿಯಬೇಡಿ.

ಬೆಕ್ಕಿಗೂ ಚಾಕೊಲೇಟ್ ವಿಷವೇ. ಬೆಕ್ಕಿಗೆ ಸಿಹಿಯ ರುಚಿ ತಿಳಿಯುವುದಿಲ್ಲವಾದ್ದರಿಂದ ಅದು ಚಾಕೊಲೇಟ್ ಹುಡುಕಿ ತಿನ್ನುವುದು ಅಪರೂಪ, ಅಷ್ಟೇ.

ಮತ್ತೆ ಹೀಗಾಗದಿರಲು

ದೀಪಾವಳಿ, ಕ್ರಿಸ್‌ಮಸ್, ಹುಟ್ಟುಹಬ್ಬದ ದಿನ ಉಡುಗೊರೆ ಡಬ್ಬಿಗಳನ್ನು ಟೀಪಾಯಿ, ಮಂಚದ ಮೇಲೆ ಬಿಡದೆ ಬೀರುವಿನಲ್ಲಿಡಿ. ಡಬ್ಬಿಗೆ ಬಣ್ಣದ ಕಾಗದ ಸುತ್ತಿದ್ದರೂ ಒಳಗೇನಿದೆ ಎಂದು ನಾಯಿಯ ಮೂಗಿಗೆ ಗೊತ್ತಾಗುತ್ತದೆ. ಶಾಲೆಯ ಬ್ಯಾಗ್, ಆಫೀಸ್ ಬ್ಯಾಗ್ ನೆಲದ ಮೇಲೆ ಇಡಬೇಡಿ. ಮಕ್ಕಳಿಗೆ "ಕೊಡಬೇಡ" ಎಂದಷ್ಟೇ ಹೇಳಿದರೆ ಸಾಲದು, ಯಾಕೆ ಎಂದೂ ಹೇಳಿ. ಕೊಟ್ಟ ಮಗುವಿಗೆ ಬೈದರೆ ಮುಂದಿನ ಸಲ ಅದು ನಿಮಗೆ ಹೇಳುವುದೇ ಇಲ್ಲ, ಆಗ ಕಳೆದುಹೋಗುವುದು ಆ ಅಮೂಲ್ಯ ಎರಡು ಗಂಟೆ.

ಇವತ್ತೇ ನಿಮ್ಮ ಫೋನ್‌ನಲ್ಲಿ ಮೂರು ವಿಷಯ ಸೇವ್ ಮಾಡಿಡಿ: ಹತ್ತಿರದ ಪಶುವೈದ್ಯರ ಸಂಖ್ಯೆ, ರಾತ್ರಿ ತೆರೆದಿರುವ ಆಸ್ಪತ್ರೆಯ ಸಂಖ್ಯೆ, ನಿಮ್ಮ ನಾಯಿಯ ಈಗಿನ ತೂಕ.

ಗ್ರೂಪ್‌ಗೆ ಕಳಿಸುವುದಾದರೆ ಇದನ್ನು ಕಳಿಸಿ

"ನಾಯಿ ಚಾಕೊಲೇಟ್ ತಿಂದರೆ: ಉಪ್ಪುನೀರು, ಹುಣಸೆನೀರು, ಎಣ್ಣೆ, ಪೆರಾಕ್ಸೈಡ್ ಕುಡಿಸಬೇಡಿ. ನಾಯಿಯ ತೂಕ, ಚಾಕೊಲೇಟ್ ಬಗೆ, ಎಷ್ಟು ಗ್ರಾಂ, ಎಷ್ಟು ಹೊತ್ತಾಯಿತು – ಈ ನಾಲ್ಕನ್ನು ಪಶುವೈದ್ಯರಿಗೆ ಫೋನ್‌ನಲ್ಲಿ ಹೇಳಿ. ಡಾರ್ಕ್ ಚಾಕೊಲೇಟ್, ಕೋಕೋ ಪೌಡರ್, ಶುಗರ್ ಫ್ರೀ, ಒಣದ್ರಾಕ್ಷಿ ಇರುವಂಥದ್ದು ತಿಂದಿದ್ದರೆ ತಡ ಮಾಡಬೇಡಿ. ಲಕ್ಷಣ ಕಾಣಲು 6ರಿಂದ 12 ಗಂಟೆ ಬೇಕು, ಅಲ್ಲಿಯವರೆಗೆ ಕಾಯಬೇಡಿ. ಎರಡು ಗಂಟೆಯೊಳಗೆ ಆಸ್ಪತ್ರೆ ತಲುಪಿ. ಕವರ್ ಜೊತೆಗಿರಲಿ."